ಡಿಶ್‌ವಾಷರ್ ಸೋಪಿನ ಖರ್ಚು ಇಳಿಸುವುದು ಹೇಗೆ: ಮೊದಲು ನೀರು ನೋಡಿ, ಆಮೇಲೆ ಪೌಡರ್

ಡಿಶ್‌ವಾಷರ್ ಕೊಳ್ಳುವಾಗ ಎಲ್ಲರೂ ಯಂತ್ರದ ಬೆಲೆ ಕೇಳುತ್ತಾರೆ. ಅದಕ್ಕೆ ತಿಂಗಳು ತಿಂಗಳು ಹಾಕಬೇಕಾದ ಸೋಪು, ನೀರು ಮೆದು ಮಾಡಲು ಬೇಕಾದ ಉಪ್ಪು, ಪಾತ್ರೆಯ ಮೇಲೆ ನೀರು ಹನಿಗಟ್ಟದಂತೆ ಮಾಡುವ ರಿನ್ಸ್ ಏಡ್, ಇವುಗಳ ಬೆಲೆ ಕೇಳುವವರು ಕಡಿಮೆ. ಆರು ತಿಂಗಳಾದ ಮೇಲೆ ಲೆಕ್ಕ ಹಾಕಿದಾಗ ಗಾಬರಿಯಾಗುತ್ತದೆ. ಆಗ ಮನೆಯಲ್ಲೇ ಪೌಡರ್ ಮಾಡೋಣ ಅನ್ನಿಸುತ್ತದೆ. ಸೋಡಾ, ನಿಂಬೆ ಉಪ್ಪು, ವಿನೆಗರ್ ಎಲ್ಲ ತಂದು ಬೆರೆಸುತ್ತಾರೆ. ಒಂದು ವಾರ ಚೆನ್ನಾಗಿರುತ್ತದೆ, ಆಮೇಲೆ ಲೋಟಗಳೆಲ್ಲ ಬೆಳ್ಳಗೆ ಮಂಕಾಗುತ್ತವೆ.

ಇದಕ್ಕೆ ಕಾರಣ ಸಾಮಾನ್ಯವಾಗಿ ನೀರು. ನಿಜವಾದ ಉಳಿತಾಯ ಮನೆಯ ಮಿಶ್ರಣದಿಂದ ಬರುವುದು ಕಡಿಮೆ. ನೀರಿಗೆ ತಕ್ಕಂತೆ ಯಂತ್ರವನ್ನು ಹೊಂದಿಸಿ, ಟ್ಯಾಬ್ಲೆಟ್ ಬಿಟ್ಟು ಪೌಡರ್‌ಗೆ ಬಂದು, ಅಳತೆ ಇಳಿಸಿದರೆ ಜಾಸ್ತಿ ಉಳಿಯುತ್ತದೆ. ಮನೆಯ ಮಿಶ್ರಣಕ್ಕೂ ಜಾಗ ಇದೆ, ಆದರೆ ಅದು ಕೊನೆಯ ಹೆಜ್ಜೆ.

ಮೊದಲು ಲೆಕ್ಕ

ಡಬ್ಬಿಯ ಬೆಲೆ ನೋಡಬೇಡಿ. ಒಂದು ಸಲ ತೊಳೆಯಲು ಎಷ್ಟು ಬೀಳುತ್ತದೆ ಅಂತ ನೋಡಿ.

ಉದಾಹರಣೆಗೆ ಒಂದು ಟ್ಯಾಬ್ಲೆಟ್‌ಗೆ 18 ರೂಪಾಯಿ ಅಂದುಕೊಳ್ಳೋಣ. ಒಂದು ಕಿಲೋ ಪೌಡರ್‌ಗೆ 400 ರೂಪಾಯಿ, ಒಂದು ಸಲಕ್ಕೆ 20 ಗ್ರಾಂ. ಅಂದರೆ ಕಿಲೋದಲ್ಲಿ 50 ಸಲ ತೊಳೆಯಬಹುದು, ಸಲಕ್ಕೆ 8 ರೂಪಾಯಿ. ದಿನಕ್ಕೆ ಒಮ್ಮೆ ಯಂತ್ರ ಓಡಿಸುವ ಮನೆಗೆ ತಿಂಗಳಿಗೆ 300 ರೂಪಾಯಿ ವ್ಯತ್ಯಾಸ. ಪೌಡರ್ ಬಳಸಿದರೆ ಉಪ್ಪು, ರಿನ್ಸ್ ಏಡ್ ಬೇರೆ ಕೊಳ್ಳಬೇಕು, ಅದನ್ನೂ ಸೇರಿಸಿ. ನೀರು ಗಡಸಾಗಿದ್ದರೆ, ಅಂದರೆ ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ ಇದ್ದರೆ, ಟ್ಯಾಬ್ಲೆಟ್ ಜೊತೆಗೂ ಉಪ್ಪು ಬೇಕೇ ಬೇಕು, ಹಾಗಾಗಿ ಆ ಖರ್ಚು ಎರಡು ಕಡೆಗೂ ಇರುತ್ತದೆ. ನಿಮ್ಮ ಅಂಗಡಿಯ ಬೆಲೆಗಳನ್ನು ಹಾಕಿ ಇದೇ ಲೆಕ್ಕ ಮಾಡಿ. ಆಫರ್‌ನಲ್ಲಿ ಟ್ಯಾಬ್ಲೆಟ್ ಅಗ್ಗ ಕಂಡರೂ ಬಹಳ ಸಲ ಪೌಡರೇ ಗೆಲ್ಲುತ್ತದೆ.

ಪೌಡರ್‌ನಲ್ಲಿ ಇನ್ನೊಂದು ದೊಡ್ಡ ಅನುಕೂಲ ಇದೆ. ಕಾಫಿ ಲೋಟ, ತಿಂಡಿ ತಟ್ಟೆ ಮಾತ್ರ ಇದ್ದರೆ ಕಡಿಮೆ ಹಾಕಬಹುದು. ಹಬ್ಬದ ದಿನ ಜಿಡ್ಡಿನ ಪಾತ್ರೆ ತುಂಬಿದ್ದರೆ ಜಾಸ್ತಿ ಹಾಕಬಹುದು. ಟ್ಯಾಬ್ಲೆಟ್‌ನಲ್ಲಿ ಅದಾಗದು. ಒತ್ತಿ ಗಟ್ಟಿ ಮಾಡಿದ ಒಣ ಟ್ಯಾಬ್ಲೆಟ್ ಆದರೆ ಚಾಕುವಿನಿಂದ ಅರ್ಧ ಮಾಡಬಹುದು. ತೆಳು ಹಾಳೆಯೊಳಗೆ ದ್ರವ ತುಂಬಿದ ಬಗೆಯನ್ನು ಕತ್ತರಿಸಬೇಡಿ.

ಆ ಪುಡಿಯಲ್ಲಿ ಇರುವುದೇನು

ಬದಲಿ ಹುಡುಕುವ ಮೊದಲು ಇದು ಗೊತ್ತಿರಬೇಕು. ಒಳ್ಳೆಯ ಡಿಶ್‌ವಾಷರ್ ಪೌಡರ್‌ನಲ್ಲಿ ಐದು ಕೆಲಸಗಾರರು ಇರುತ್ತಾರೆ. ವಾಷಿಂಗ್ ಸೋಡಾ, ಅಂದರೆ ಸೋಡಿಯಂ ಕಾರ್ಬೊನೇಟ್, ನೀರನ್ನು ಕ್ಷಾರ ಮಾಡಿ ಜಿಡ್ಡನ್ನು ಸಡಿಲಿಸುತ್ತದೆ. ಸಿಟ್ರೇಟ್ ಅಥವಾ ಫಾಸ್ಫೇಟ್ ನೀರಿನ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಸೋಡಿಯಂ ಪರ್‌ಕಾರ್ಬೊನೇಟ್ ಬಿಸಿ ನೀರಿನಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಬಿಟ್ಟು ಟೀ, ಕಾಫಿ, ಅರಿಶಿನದ ಕಲೆ ತೆಗೆಯುತ್ತದೆ. ನೊರೆ ಬಾರದ ಸೋಪಿನ ಅಂಶ ಸ್ವಲ್ಪ ಇರುತ್ತದೆ. ಐದನೆಯದು ಕಿಣ್ವ, ಎನ್‌ಜೈಮ್. ಒಂದು ಬಗೆ ಅನ್ನ, ಹಿಟ್ಟಿನ ಪಿಷ್ಟವನ್ನು ಒಡೆಯುತ್ತದೆ, ಇನ್ನೊಂದು ಬೇಳೆ, ಹಾಲು, ಮೊಟ್ಟೆಯ ಪ್ರೋಟೀನನ್ನು ಒಡೆಯುತ್ತದೆ.

ನಮ್ಮ ಅಡುಗೆಯಲ್ಲಿ ಅಂಟುವುದೇ ಅನ್ನದ ಗಂಜಿ, ರಾಗಿ ಹಿಟ್ಟು, ದೋಸೆ ಹಿಟ್ಟು, ಸಾರಿನ ಬೇಳೆ, ಕಾದ ಹಾಲಿನ ಕೆನೆ. ಇವಕ್ಕೆಲ್ಲ ಕಿಣ್ವ ಬೇಕು. ಆ ಒಂದು ವಸ್ತುವನ್ನು ಮನೆಯಲ್ಲಿ ಮಾಡಲು ಆಗುವುದಿಲ್ಲ. ಮನೆಯ ಮಿಶ್ರಣ ಪೂರ್ತಿ ಬದಲಿ ಆಗಲಾರದು ಅನ್ನುವುದು ಇದಕ್ಕೇ.

ಹೆಜ್ಜೆ 1: ನೀರು ಎಷ್ಟು ಗಡಸು, ತಿಳಿದುಕೊಳ್ಳಿ

ಬೆಂಗಳೂರಿನಲ್ಲಿ ಒಂದೇ ಬೀದಿಯ ಎರಡು ಮನೆಗೆ ಎರಡು ಬಗೆಯ ನೀರು ಇರಬಹುದು. ಒಂದಕ್ಕೆ ಕಾವೇರಿ, ಇನ್ನೊಂದಕ್ಕೆ ಬೋರ್‌ವೆಲ್. ಬೇಸಿಗೆಯಲ್ಲಿ ಟ್ಯಾಂಕರ್ ಬಂದರೆ ಅದು ಮೂರನೆಯ ಬಗೆ. ಕಾವೇರಿ ನೀರು ಬೋರ್ ನೀರಿಗಿಂತ ಎಷ್ಟೋ ಮೆದು. ಹಾಗಾಗಿ ಗೆಳತಿಯ ಮನೆಯಲ್ಲಿ ಚೆನ್ನಾಗಿ ಕೆಲಸ ಮಾಡಿದ ಅಳತೆ ನಿಮ್ಮ ಮನೆಯಲ್ಲಿ ಕೈಕೊಡಬಹುದು.

ಸುಮ್ನೆ ಒಂದು ಅಂದಾಜು ಬೇಕಾದರೆ ಹೀಗೆ ಮಾಡಿ. ಮುಚ್ಚಳ ಇರುವ ಬಾಟಲಿಗೆ ಮೂರನೇ ಒಂದು ಭಾಗ ನೀರು ಹಾಕಿ. ಮೈಗೆ ಹಚ್ಚುವ ಸಾದಾ ಸೋಪನ್ನು ಚೂರು ತುರಿದು ಹಾಕಿ ಚೆನ್ನಾಗಿ ಕುಲುಕಿ. ದಟ್ಟವಾದ ನೊರೆ ಬಂದು ಕೆಳಗಿನ ನೀರು ತಿಳಿಯಾಗಿದ್ದರೆ ಮೆದು ನೀರು. ನೊರೆ ಬಾರದೆ ನೀರು ಹಾಲಿನಂತೆ ಕದಡಿ ಮೇಲೆ ಕೆನೆ ಕಟ್ಟಿದರೆ ಗಡಸು. ಪಾತ್ರೆ ತೊಳೆಯುವ ಲಿಕ್ವಿಡ್‌ನಿಂದ ಈ ಪರೀಕ್ಷೆ ಮಾಡಬೇಡಿ, ಅದು ಗಡಸು ನೀರಿನಲ್ಲೂ ನೊರೆ ಕೊಡುತ್ತದೆ. ಟಿಡಿಎಸ್ ಮೀಟರ್ ಕೂಡ ಗಡಸುತನ ಅಳೆಯುವುದಿಲ್ಲ. ನೀರಿನಲ್ಲಿ ಕರಗಿದ ಎಲ್ಲ ಲವಣಗಳ ಅಂದಾಜನ್ನು ಅದು ಒಟ್ಟಿಗೆ ಹೇಳುತ್ತದೆ, ಅಷ್ಟೇ.

ಸರಿಯಾದ ಅಂಕಿ ಬೇಕಾದರೆ ಗಡಸುತನ ಅಳೆಯುವ ಕಾಗದದ ಪಟ್ಟಿಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ. ಅಪಾರ್ಟ್‌ಮೆಂಟ್ ಆದರೆ ಸಂಘದವರ ಬಳಿ ನೀರಿನ ಪರೀಕ್ಷೆಯ ವರದಿ ಇರುತ್ತದೆ, ಕೇಳಿ ತೆಗೆದುಕೊಳ್ಳಿ. ಅದರಲ್ಲಿ ಒಟ್ಟು ಗಡಸುತನ ಲೀಟರಿಗೆ ಇಷ್ಟು ಮಿಲಿಗ್ರಾಂ ಅಂತ ಬರೆದಿರುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋದ ಐಎಸ್ 10500 ಹೇಳುವ ಮಿತಿ 200 ಮಿಲಿಗ್ರಾಂ. ಬೇರೆ ನೀರು ಸಿಗದಿದ್ದರೆ 600 ರವರೆಗೆ ನಡೆಯುತ್ತದೆ. ಡಿಶ್‌ವಾಷರ್ ಕೈಪಿಡಿಯಲ್ಲಿ ಜರ್ಮನ್ ಡಿಗ್ರಿಯ ಲೆಕ್ಕ ಇರುವುದು ಜಾಸ್ತಿ. ಮಿಲಿಗ್ರಾಂ ಅಂಕಿಯನ್ನು 17.8 ರಿಂದ ಭಾಗಿಸಿದರೆ ಡಿಗ್ರಿ ಸಿಗುತ್ತದೆ. 200 ಅಂದರೆ ಸುಮಾರು 11 ಡಿಗ್ರಿ, 600 ಅಂದರೆ ಸುಮಾರು 34 ಡಿಗ್ರಿ.

ಹೆಜ್ಜೆ 2: ಉಪ್ಪಿನ ಡಬ್ಬಿ ಮತ್ತು ಸೆಟ್ಟಿಂಗ್

ಖರ್ಚು ಸೋರುವ ದೊಡ್ಡ ತೂತು ಇಲ್ಲಿದೆ. ಯಂತ್ರದ ತಳದಲ್ಲಿ ನೀರು ಮೆದು ಮಾಡುವ ಚಿಕ್ಕ ಘಟಕ ಇರುತ್ತದೆ. ಅದರೊಳಗಿನ ರಾಳದ ಮಣಿಗಳು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಸೋಡಿಯಂ ಬಿಡುತ್ತವೆ. ಮಣಿಗಳು ತುಂಬಿದಾಗ ಉಪ್ಪುನೀರು ಅವನ್ನು ತೊಳೆದು ಮತ್ತೆ ತಯಾರು ಮಾಡುತ್ತದೆ. ಉಪ್ಪು ಹಾಕುವುದು ಇದಕ್ಕೆ.

ಗಡಸು ನೀರಿಗೆ ಸೆಟ್ಟಿಂಗ್ ಕಡಿಮೆ ಇಟ್ಟರೆ ಕ್ಯಾಲ್ಸಿಯಂ ಒಳಗೆ ಬಂದು ಪೌಡರನ್ನೇ ತಿನ್ನುತ್ತದೆ. ಪಾತ್ರೆ ಬೆಳ್ಳಗಾಗುತ್ತದೆ, ನೀವು ಇನ್ನೂ ಪೌಡರ್ ಸುರಿಯುತ್ತೀರಿ. ಮೆದು ನೀರಿಗೆ ಸೆಟ್ಟಿಂಗ್ ಜಾಸ್ತಿ ಇಟ್ಟರೆ ಉಪ್ಪು ದಂಡ. ಕೈಪಿಡಿ ತೆಗೆದು ನಿಮ್ಮ ಅಂಕಿಗೆ ಸರಿಯಾದ ಮಟ್ಟ ಇಡಿ. ಐದು ನಿಮಿಷದ ಕೆಲಸ. ಈ ಲೇಖನದಲ್ಲಿ ಒಂದೇ ಒಂದು ಮಾಡುವುದಾದರೆ ಇದನ್ನು ಮಾಡಿ.

ಬೆಂಗಳೂರಿನ ಬಹಳಷ್ಟು ಅಪಾರ್ಟ್‌ಮೆಂಟ್‌ಗಳಲ್ಲಿ ಇಡೀ ಕಟ್ಟಡಕ್ಕೇ ನೀರು ಮೆದು ಮಾಡುವ ಘಟಕ ಇದೆ. ಅದು ಸರಿಯಾಗಿ ನಡೆಯುತ್ತಿದ್ದರೆ ಯಂತ್ರದ ಸೆಟ್ಟಿಂಗನ್ನು ತೀರಾ ಕೆಳಗೆ ಇಡಬಹುದು. ಉಪ್ಪು ಬಹುತೇಕ ಬೇಡವೇ ಬೇಡ. ಘಟಕಕ್ಕೆ ಉಪ್ಪು ಹಾಕುವುದನ್ನು ನಿಲ್ಲಿಸಿದ ವಾರ ಮನೆಯ ಲೋಟಗಳೇ ಅದನ್ನು ತೋರಿಸುತ್ತವೆ.

ಹಾಗಾದರೆ ಅಡುಗೆ ಉಪ್ಪು ಹಾಕಬಹುದಾ? ಬೇಡ. ಪುಡಿ ಉಪ್ಪಿನಲ್ಲಿ ಅಯೋಡಿನ್ ಜೊತೆಗೆ ಉಂಡೆ ಕಟ್ಟದಂತೆ ಬೆರೆಸಿದ ಪದಾರ್ಥ ಇರುತ್ತದೆ. ಸಣ್ಣ ಕಣ ಒತ್ತಾಗಿ ಕೂತು ಕಟ್ಟಿಕೊಳ್ಳುತ್ತದೆ. ಕಲ್ಲುಪ್ಪಿನಲ್ಲಿ ಮಣ್ಣಿನ ಕಣ ಇರುತ್ತದೆ, ಮೇಲಾಗಿ ನಾವು ತೆಗೆಯಬೇಕಾದ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂಡ ಇರುತ್ತವೆ. ಅಗ್ಗದ ಬದಲಿ ಬೇಕಾದರೆ ನೀರು ಮೆದು ಮಾಡುವ ಘಟಕಗಳಿಗೆ ಅಂತಲೇ ಮಾರುವ ಶುದ್ಧ ಸೋಡಿಯಂ ಕ್ಲೋರೈಡ್ ಹರಳು ನೋಡಿ. ಬೇರೇನೂ ಬೆರೆಸಿಲ್ಲ ಅಂತ ಚೀಲದ ಮೇಲೆ ಖಾತ್ರಿ ಮಾಡಿಕೊಳ್ಳಿ. ಹರಳಿನ ಗಾತ್ರ ಡಬ್ಬಿಯ ಬಾಯಿಗೆ ಹಿಡಿಸಬೇಕು. ದೊಡ್ಡ ಚೀಲ ತಂದು ಎರಡು ಮೂರು ಮನೆಯವರು ಹಂಚಿಕೊಂಡರೆ ಡಿಶ್‌ವಾಷರ್ ಉಪ್ಪು ಅಂತ ಮಾರುವ ಪುಟ್ಟ ಪೊಟ್ಟಣಕ್ಕಿಂತ ಅಗ್ಗವಾಗುತ್ತದೆ.

ಎರಡು ಎಚ್ಚರಿಕೆ. ಉಪ್ಪು ತುಂಬಿದ ಕೂಡಲೇ ಯಂತ್ರ ಓಡಿಸಿ, ಚೆಲ್ಲಿದ ಉಪ್ಪುನೀರು ಸ್ಟೀಲ್ ತಳವನ್ನು ತಿನ್ನುತ್ತದೆ. ಉಪ್ಪಿನ ಡಬ್ಬಿಗೆ ಪೌಡರ್ ಬೀಳಲೇಬಾರದು, ಬಿದ್ದರೆ ಆ ಘಟಕವೇ ಹಾಳು.

ಅಮೆರಿಕದಲ್ಲಿರುವ ಓದುಗರಿಗೆ ಒಂದು ಮಾತು. ಅಲ್ಲಿನ ಹೆಚ್ಚಿನ ಯಂತ್ರಗಳಲ್ಲಿ ಉಪ್ಪಿನ ಡಬ್ಬಿ ಇರುವುದಿಲ್ಲ, ಬಿಸಿನೀರಿನ ಕೊಳವೆಗೇ ಜೋಡಿಸಿರುತ್ತಾರೆ. ಯಂತ್ರ ಶುರು ಮಾಡುವ ಮೊದಲು ಸಿಂಕಿನ ನಲ್ಲಿಯಲ್ಲಿ ನೀರು ಬಿಸಿಯಾಗುವವರೆಗೆ ಬಿಡಿ. ಆಗ ಕಡಿಮೆ ಪೌಡರ್ ಸಾಕಾಗುತ್ತದೆ.

ಹೆಜ್ಜೆ 3: ಅಳತೆ ಇಳಿಸಿ

ಮನೆಯಲ್ಲಿ ಅಡುಗೆ ತಕ್ಕಡಿ ಇದ್ದರೆ ಒಮ್ಮೆ ನಿಮ್ಮ ಚಮಚದಲ್ಲಿ ಎಷ್ಟು ಗ್ರಾಂ ಪೌಡರ್ ಹಿಡಿಯುತ್ತದೆ ನೋಡಿಕೊಳ್ಳಿ. ಕಣ್ಣಂದಾಜಿನಲ್ಲಿ ಸುರಿಯುವವರು ಬೇಕಾದ್ದಕ್ಕಿಂತ ಜಾಸ್ತಿ ಸುರಿಯುತ್ತಾರೆ.

20 ಗ್ರಾಂನಿಂದ ಶುರು ಮಾಡಿ. ಒಂದು ವಾರ ಅದೇ ಅಳತೆ, ಅದೇ ಪ್ರೋಗ್ರಾಂ. ಪಾತ್ರೆ ಸ್ವಚ್ಛ ಬಂದರೆ ಮುಂದಿನ ವಾರ 3 ಗ್ರಾಂ ಇಳಿಸಿ. ಹೀಗೆ ಇಳಿಸುತ್ತಾ ಹೋಗಿ. ಸ್ಟೀಲ್ ಲೋಟದ ಒಳಗೆ ಬೆರಳಾಡಿಸಿದಾಗ ಜಿಡ್ಡು ಅನ್ನಿಸಿದ ದಿನ ಹಿಂದಿನ ಅಳತೆಗೆ ಮರಳಿ. ಅದೇ ನಿಮ್ಮ ಮನೆಯ ಅಳತೆ. ನೀರು ಮೆದುವಾಗಿದ್ದರೆ 12, 13 ಗ್ರಾಂಗೆ ಇಳಿದರೂ ಆಶ್ಚರ್ಯವಿಲ್ಲ. ಮೆದು ನೀರಿನಲ್ಲಿ ಜಾಸ್ತಿ ಪೌಡರ್ ಹಾಕುವುದು ಬರೀ ದುಡ್ಡು ದಂಡ ಅಲ್ಲ, ಗಾಜಿಗೂ ಕೇಡು. ಕ್ಷಾರ ಗಾಜನ್ನು ಮೆಲ್ಲಗೆ ಸವೆಸುತ್ತದೆ, ಆ ಮಂಕು ಮತ್ತೆ ಹೋಗುವುದಿಲ್ಲ.

ಕಡಿಮೆ ಪೌಡರ್‌ಗೆ ಬಿಸಿ ಮತ್ತು ಸಮಯ ಜೊತೆ ಕೊಡಬೇಕು. 50 ಡಿಗ್ರಿಯ ಉದ್ದನೆಯ ಇಕೋ ಪ್ರೋಗ್ರಾಂ ಕಿಣ್ವಗಳಿಗೆ ಕೆಲಸ ಮಾಡಲು ಸಮಯ ಕೊಡುತ್ತದೆ. ಅರ್ಧ ಗಂಟೆಯ ಕ್ವಿಕ್ ವಾಷ್‌ನಲ್ಲಿ ಅದಕ್ಕೆ ಪುರುಸೊತ್ತು ಇಲ್ಲ, ಅಲ್ವಾ? ರಾತ್ರಿ ಊಟವಾದ ಮೇಲೆ ದಿನದ ಪಾತ್ರೆಯನ್ನೆಲ್ಲ ಒಟ್ಟಿಗೆ ಜೋಡಿಸಿ ಒಮ್ಮೆ ಓಡಿಸುವುದು ಎಲ್ಲಕ್ಕಿಂತ ಅಗ್ಗ.

ಹೆಜ್ಜೆ 4: ಪಾತ್ರೆ ಕೆರೆಯಿರಿ, ತೊಳೆಯಬೇಡಿ

ನಲ್ಲಿ ಕೆಳಗೆ ಹಿಡಿದು ಪೂರ್ತಿ ತೊಳೆದು ಇಡುವವರಿದ್ದಾರೆ. ನೀರೂ ದಂಡ, ಶ್ರಮವೂ ದಂಡ. ಎಂಜಲನ್ನು ಕಸದ ಬುಟ್ಟಿಗೆ ಕೆರೆದು ಹಾಕಿದರೆ ಸಾಕು. ಒಗ್ಗರಣೆಯ ಸಾಸಿವೆ, ಕರಿಬೇವು, ಕಾಯಿತುರಿ ಮಾತ್ರ ಒಳಗೆ ಹೋಗದಂತೆ ನೋಡಿಕೊಳ್ಳಿ. ಸಾಸಿವೆ ಕಾಳು ನೀರು ಚಿಮ್ಮುವ ರೆಕ್ಕೆಯ ತೂತಿನಲ್ಲಿ ಕೂತರೆ ಆ ಮೂಲೆಯ ಪಾತ್ರೆ ಎಷ್ಟು ಪೌಡರ್ ಹಾಕಿದರೂ ಸ್ವಚ್ಛವಾಗುವುದಿಲ್ಲ.

ಮುದ್ದೆ ಮಾಡಿದ ಪಾತ್ರೆ, ಅನ್ನದ ಕುಕ್ಕರ್ ಡಬ್ಬಿ, ಹಾಲು ತಳ ಹಿಡಿದ ಪಾತ್ರೆಗಳಿಗೆ ಊಟಕ್ಕೆ ಕೂರುವ ಮೊದಲೇ ನೀರು ಹಾಕಿಡಿ. ಎಣ್ಣೆ ತುಂಬಿದ ಬಾಣಲೆಯನ್ನು ಹಳೇ ಕಾಗದದಿಂದ ಒರೆಸಿ. ಆ ಎಣ್ಣೆ ಒಳಗೆ ಹೋದರೆ ಅರ್ಧ ಪೌಡರ್ ಅದಕ್ಕೇ ಖರ್ಚು.

ಅಲ್ಯೂಮಿನಿಯಂ ಕುಕ್ಕರ್, ಇಂಡಾಲಿಯಂ ಬಾಣಲೆ ಒಳಗೆ ಇಡಬೇಡಿ. ಕ್ಷಾರದಿಂದ ಅವು ಕಪ್ಪಾಗುತ್ತವೆ. ಹಿತ್ತಾಳೆ, ತಾಮ್ರ, ಕಬ್ಬಿಣದ ಕಾವಲಿ, ಮರದ ಸೌಟು ಎಲ್ಲ ಕೈತೊಳೆತಕ್ಕೆ.

ವಾರಕ್ಕೊಮ್ಮೆ ತಳದ ಫಿಲ್ಟರ್ ತೆಗೆದು ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ.

ಹೆಜ್ಜೆ 5: ಮನೆಯ ಮಿಶ್ರಣ, ಎಲ್ಲಿ ಹೊಂದುತ್ತದೆ

ಜನ ಹಂಚಿಕೊಳ್ಳುವ ಸಾಮಾನ್ಯ ಪಾಕ ಇದು: ಒಂದು ಬಟ್ಟಲು ವಾಷಿಂಗ್ ಸೋಡಾ, ಒಂದು ಬಟ್ಟಲು ಸಿಟ್ರಿಕ್ ಆಮ್ಲ. ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಅಂತ ಸಿಗುವುದೇ ಸಿಟ್ರಿಕ್ ಆಮ್ಲ. ಒಂದು ಆಮ್ಲ, ಇನ್ನೊಂದು ಕ್ಷಾರ. ನೀರು ತಗುಲಿದ ಕೂಡಲೇ ಬುಸುಗುಟ್ಟಿ ಒಂದನ್ನೊಂದು ಕೊಂದುಕೊಳ್ಳುತ್ತವೆ. ಲೆಕ್ಕದ ಪ್ರಕಾರ 384 ಗ್ರಾಂ ಒಣ ಸಿಟ್ರಿಕ್ ಆಮ್ಲ 318 ಗ್ರಾಂ ಒಣ ಸೋಡಾವನ್ನು ಪೂರ್ತಿ ತಿಂದುಬಿಡುತ್ತದೆ. ಅಂದರೆ ಸಮ ತೂಕ ಬೆರೆಸಿದರೆ ಜಿಡ್ಡು ತೆಗೆಯುವ ಸೋಡಾ ಬಹುತೇಕ ಉಳಿಯುವುದೇ ಇಲ್ಲ. ಉಳಿಯುವುದು ಸೋಡಿಯಂ ಸಿಟ್ರೇಟ್. ಅದೂ ಬೇಕಾದ ವಸ್ತುವೇ, ಆದರೆ ಒಂಟಿಯಾಗಿ ಅದರಿಂದ ಜಿಡ್ಡು ಹೋಗದು. ಮಳೆಗಾಲದಲ್ಲಿ ಈ ಮಿಶ್ರಣ ಡಬ್ಬಿಯಲ್ಲೇ ತೇವ ಎಳೆದು ಕಲ್ಲಾಗುತ್ತದೆ.

ಬರೀ ಸೋಡಾ ಹಾಕಿದರೆ? ಗಡಸು ನೀರಿನಲ್ಲಿ ಅದು ಕ್ಯಾಲ್ಸಿಯಂ ಜೊತೆ ಸೇರಿ ಸುಣ್ಣದ ಪುಡಿಯಾಗಿ ಪಾತ್ರೆಯ ಮೇಲೆ ಕೂರುತ್ತದೆ. ಮೊದಲು ಹೇಳಿದ ಬಿಳಿ ಮಂಕು ಇದೇ.

ಸರಿಯಾದ ದಾರಿ ಸಿಟ್ರಿಕ್ ಆಮ್ಲದ ಬದಲು ಸೋಡಿಯಂ ಸಿಟ್ರೇಟನ್ನೇ ಕೊಳ್ಳುವುದು. ತೂಕದಲ್ಲಿ ಎರಡು ಪಾಲು ಒಣ ಸೋಡಾ, ಒಂದು ಪಾಲು ಸೋಡಿಯಂ ಸಿಟ್ರೇಟ್, ಒಂದು ಪಾಲು ಸೋಡಿಯಂ ಪರ್‌ಕಾರ್ಬೊನೇಟ್. ಒಣ ಚಮಚದಲ್ಲಿ ಬೆರೆಸಿ. ಒಂದು ಸಲಕ್ಕೆ 20 ಗ್ರಾಂ. ಸೋಡಾ ಕೊಳ್ಳುವಾಗ ಒಂದು ವಿಷಯ ಗಮನಿಸಿ. ಪಾರದರ್ಶಕ ಹರಳಿನ ರೂಪದ ಸೋಡಾದಲ್ಲಿ ತೂಕದ 63 ಭಾಗ ನೀರು, ಬರೀ 37 ಭಾಗ ಸೋಡಾ. ಅಗ್ಗ ಅಂತ ಕಂಡರೂ ನೀರಿಗೆ ದುಡ್ಡು ಕೊಟ್ಟಂತೆ. ಸೋಡಾ ಆಶ್ ಅಂತ ಮಾರುವ ಬಿಳಿ ಒಣ ಪುಡಿ ತೆಗೆದುಕೊಳ್ಳಿ. ಅಡುಗೆ ಸೋಡಾ ಇದಲ್ಲ, ಅದರ ಕ್ಷಾರ ಬಹಳ ಕಡಿಮೆ.

ಇದರಿಂದ ಎಷ್ಟು ಉಳಿಯುತ್ತದೆ? ಸೋಡಾ ಕಿಲೋಗೆ 80, ಉಳಿದೆರಡು ಕಿಲೋಗೆ 300 ಅಂದುಕೊಂಡರೆ ಮಿಶ್ರಣ ಕಿಲೋಗೆ 190 ರೂಪಾಯಿ, ಒಂದು ಸಲಕ್ಕೆ 3 ರೂಪಾಯಿ 80 ಪೈಸೆ. ಪೌಡರ್‌ಗಿಂತ 4 ರೂಪಾಯಿ ಚಿಲ್ಲರೆ ಕಡಿಮೆ. ಉಳಿತಾಯ ಇದೆ, ಆದರೆ ಟ್ಯಾಬ್ಲೆಟ್ ಬಿಟ್ಟಾಗ ಉಳಿದ 10 ರೂಪಾಯಿಯಷ್ಟಿಲ್ಲ. ಕಿಣ್ವವೂ ಇಲ್ಲ. ಹಾಗಾಗಿ ನನ್ನ ಸಲಹೆ ಇಷ್ಟೇ. ಕಾಫಿ ಲೋಟ, ತಿಂಡಿ ತಟ್ಟೆಯಂಥ ಹಗುರ ಪಾತ್ರೆಗೆ, ಅದೂ ನೀರು ಮೆದುವಾಗಿದ್ದರೆ, ಮನೆಯ ಮಿಶ್ರಣ ಬಳಸಿ. ಅಡುಗೆ ಪಾತ್ರೆ ತುಂಬಿದ ದಿನ ಅಂಗಡಿ ಪೌಡರ್ ಹಾಕಿ. ಟೀ ಕಲೆ ಜಾಸ್ತಿ ಇದ್ದರೆ ಪೌಡರ್ ಜೊತೆ ಒಂದು ಚಿಕ್ಕ ಚಮಚ ಪರ್‌ಕಾರ್ಬೊನೇಟ್ ಸೇರಿಸಿ, ಬಿಸಿ ಪ್ರೋಗ್ರಾಂ ಇಡಿ. ಪ್ಲಾಸ್ಟಿಕ್ ಡಬ್ಬಿಯ ಅರಿಶಿನ ಕಲೆಗೆ ಇನ್ನೂ ಅಗ್ಗದ ಮದ್ದಿದೆ: ತೊಳೆದು ಬಿಸಿಲಿಗಿಡಿ, ಬಣ್ಣ ತಾನಾಗಿ ಮಾಸುತ್ತದೆ. ಯಂತ್ರ ವಾರಂಟಿಯಲ್ಲಿದ್ದರೆ ಮನೆಯ ಮಿಶ್ರಣದ ಬಗ್ಗೆ ಕೈಪಿಡಿ ಏನು ಹೇಳುತ್ತದೆ ಅಂತ ಮೊದಲು ಓದಿ.

ಯಂತ್ರಕ್ಕೆ ಹಾಕಲೇಬಾರದವು ಕೆಲವಿವೆ. ಕೈಯಲ್ಲಿ ತೊಳೆಯುವ ಲಿಕ್ವಿಡ್, ಬಟ್ಟೆ ಪೌಡರ್, ಅಂಟುವಾಳದ ನೀರು, ಇವೆಲ್ಲ ನೊರೆ ಎಬ್ಬಿಸುತ್ತವೆ. ನೊರೆಯಲ್ಲಿ ಪಂಪು ನೀರಿನ ಬದಲು ಗಾಳಿ ಎಳೆಯುತ್ತದೆ, ಬಾಗಿಲಿನಿಂದ ನೊರೆ ಸೋರುತ್ತದೆ. ಒಲೆಯ ಬೂದಿ ಕೈಗೆ ಒಳ್ಳೆಯದು, ಅದರ ಕ್ಷಾರ ನಿಜವಾದದ್ದೇ, ಆದರೆ ಕರಗದ ಕಣ ಯಂತ್ರದಲ್ಲಿ ಕೂರುತ್ತದೆ. ಈಚೆಗೆ ಮನೆಮನೆಯಲ್ಲಿ ಬೆಲ್ಲ, ಹಣ್ಣಿನ ಸಿಪ್ಪೆ, ನೀರನ್ನು 1:3:10 ಅಳತೆಯಲ್ಲಿ ಹುದುಗಿಸಿ ಬಯೋಎನ್‌ಜೈಮ್ ಮಾಡುತ್ತಾರೆ. ನೆಲ ಒರೆಸಲು ಚೆನ್ನಾಗಿದೆ. ಅದು ಹುಳಿ ದ್ರವ, ಪೌಡರ್ ಜೊತೆ ಹಾಕಿದರೆ ಸೋಡಾವನ್ನು ಕೊಲ್ಲುತ್ತದೆ. ಬ್ಲೀಚಿಂಗ್ ಪೌಡರ್ ಅಂತೂ ಬೇಡವೇ ಬೇಡ. ಅದಕ್ಕೆ ನಿಂಬೆ ಉಪ್ಪೋ ವಿನೆಗರೋ ತಗುಲಿದರೆ ವಿಷದ ಕ್ಲೋರಿನ್ ಅನಿಲ ಬರುತ್ತದೆ.

ರಿನ್ಸ್ ಏಡ್ ಬದಲು ವಿನೆಗರ್?

ಬೇಡ ಅನ್ನುತ್ತೇನೆ. ರಿನ್ಸ್ ಏಡ್ ನೀರನ್ನು ಹನಿಗಟ್ಟದಂತೆ ಹಾಳೆಯಾಗಿ ಜಾರಿಸುತ್ತದೆ. ವಿನೆಗರ್ ಆ ಕೆಲಸ ಮಾಡುವುದಿಲ್ಲ, ದಿನಾ ಹಾಕಿದರೆ ರಬ್ಬರ್ ಭಾಗಗಳು ಬೇಗ ಹಾಳಾಗಬಹುದು. ಉಳಿಸಬೇಕಾದರೆ ರಿನ್ಸ್ ಏಡ್ ಸೆಟ್ಟಿಂಗ್ ಒಂದೊಂದೇ ಮಟ್ಟ ಇಳಿಸಿ. ಯಂತ್ರ ನಿಂತ ಮೇಲೆ ಬಾಗಿಲು ಸ್ವಲ್ಪ ತೆರೆದಿಡಿ, ಹಬೆ ಹೊರಗೆ ಹೋಗಿ ಸ್ಟೀಲ್ ಪಾತ್ರೆ ತಾನಾಗಿ ಒಣಗುತ್ತದೆ.

ಕಲೆ ನೋಡಿ ಕಾರಣ ಹಿಡಿಯಿರಿ

ಲೋಟದ ಮೇಲೆ ಬಿಳಿ ಮಂಕು ಇದ್ದರೆ ಒಂದು ಹನಿ ನಿಂಬೆರಸ ಉಜ್ಜಿ. ಹೋದರೆ ಅದು ಸುಣ್ಣ. ಉಪ್ಪು ಇದೆಯೇ, ಸೆಟ್ಟಿಂಗ್ ಸರಿಯಿದೆಯೇ ನೋಡಿ. ಹೋಗದಿದ್ದರೆ ಗಾಜು ಸವೆದಿದೆ, ಪೌಡರ್ ಮತ್ತು ಬಿಸಿ ಎರಡನ್ನೂ ಇಳಿಸಿ. ನೀಲಿ ಛಾಯೆಯ ಗೆರೆ ಕಂಡರೆ ರಿನ್ಸ್ ಏಡ್ ಜಾಸ್ತಿ. ಮರಳಿನಂಥ ಕಣ ಅಂಟಿದ್ದರೆ ಫಿಲ್ಟರ್ ಅಥವಾ ರೆಕ್ಕೆಯ ತೂತು ನೋಡಿ. ಎಲ್ಲ ಪಾತ್ರೆಯೂ ಜಿಡ್ಡು ಜಿಡ್ಡಾಗಿದ್ದರೆ ಮಾತ್ರ ಪೌಡರ್ ಕಡಿಮೆಯಾಗಿದೆ ಅಂತ ಅರ್ಥ.

ಸುಣ್ಣ ಕಟ್ಟಿದ ಯಂತ್ರಕ್ಕೆ ದುಬಾರಿ ಕ್ಲೀನರ್ ಬದಲು ನಿಂಬೆ ಉಪ್ಪು ಸಾಕು. ಪಾತ್ರೆ, ಪೌಡರ್ ಏನೂ ಇಲ್ಲದೆ, 50 ರಿಂದ 100 ಗ್ರಾಂ ತಳದಲ್ಲಿ ಹಾಕಿ ಬಿಸಿ ಪ್ರೋಗ್ರಾಂ ಓಡಿಸಿ. ಬೋರ್ ನೀರಿನ ಮನೆಗೆ ಎರಡು ಮೂರು ತಿಂಗಳಿಗೊಮ್ಮೆ, ಕಾವೇರಿ ನೀರಿಗೆ ಇನ್ನೂ ಅಪರೂಪಕ್ಕೆ ಮಾಡಿದರಾಯಿತು.

ಪೌಡರನ್ನು ಸಿಂಕಿನ ಕೆಳಗಿನ ತೇವದಲ್ಲಿ ಇಡಬೇಡಿ. ತೇವ ತಗುಲಿದರೆ ಕಿಣ್ವವೂ ಪರ್‌ಕಾರ್ಬೊನೇಟೂ ಸತ್ವ ಕಳೆದುಕೊಳ್ಳುತ್ತವೆ. ಮಂಗಳೂರು, ಉಡುಪಿ ಕಡೆಯವರು ಆಫರ್ ನೋಡಿ ವರ್ಷಕ್ಕಾಗುವಷ್ಟು ತರಬೇಡಿ, ಎರಡು ಮೂರು ತಿಂಗಳಿಗಾಗುವಷ್ಟು ತನ್ನಿ. ಪರ್‌ಕಾರ್ಬೊನೇಟ್ ಇರುವ ಡಬ್ಬಿಯನ್ನು ಗಾಳಿಯಾಡದಂತೆ ಬಿಗಿದು ಮುಚ್ಚಬೇಡಿ. ಒಳಗೆ ತೇವ ಸೇರಿದ್ದರೆ ಅದು ಆಮ್ಲಜನಕ ಬಿಡುತ್ತದೆ, ಡಬ್ಬಿ ಉಬ್ಬುತ್ತದೆ. ಎಲ್ಲ ಡಬ್ಬಿಗೂ ಹೆಸರು ಬರೆದು ಮಕ್ಕಳ ಕೈಗೆ ಎಟುಕದ ಕಪಾಟಿನಲ್ಲಿಡಿ. ಸೋಡಾ ಪುಡಿ ನೋಡಲು ಸಕ್ಕರೆ ಪುಡಿಯ ಹಾಗೇ ಇರುತ್ತದೆ, ಬಾಯಿಗೆ ಕಣ್ಣಿಗೆ ಬಿದ್ದರೆ ಸುಡುತ್ತದೆ.